ಲಕ್ಕವ್ವ ಬಿಟ್ಟ ಹೆಸರು

ಬಾಯಿ ಮುಚ್ಚಿಕೊಂಡಿರು ಎಂದು ಡಾಕ್ಟರು ಹೇಳಿ ಕಳಿಸಿದ ಹೆಂಗಸು ಜನವರಿ ಇಪ್ಪತ್ತಮೂರರ ಬೆಳಿಗ್ಗೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ತಾಸು ಮಾತಾಡಿದಳು. ಎರಡು ಸಲ ಗದರಿಸಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತೈದು ವರ್ಷ ಆಕೆಯ ಹಾಡಿಗೆ ಹಾರ್ಮೋನಿಯಂ ಪೇಟಿ ಬಾರಿಸಿದವನು ನಾನು. ನನ್ನ ಮಾತಿಗೆ ಆಕೆ ಎಷ್ಟು ಬೆಲೆ ಕೊಡುತ್ತಾಳೆಂಬುದು ನನಗೆ ಹೊಸ ಸಂಗತಿಯಲ್ಲ.

ಆಕೆ ಕುಲಗೋಡದ ಲಕ್ಕವ್ವ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನಕ್ಕೆ ರೇಡಿಯೋ ಲಕ್ಕವ್ವ. ಈಗ ಐವತ್ತಾರು ವಯಸ್ಸು. ಗಂಟಲಲ್ಲಿ ನಿಂಬೆಹಣ್ಣಿನಷ್ಟು ಗಂಟು ಬೆಳೆದಿದೆ. ಇಪ್ಪತ್ತೆಂಟಕ್ಕೆ ಬೆಳಗಾವಿಯಲ್ಲಿ ಆಪರೇಶನ್ ನಿಗದಿಯಾಗಿತ್ತು. ಜೀವಕ್ಕೆ ಭಯವಿಲ್ಲ, ಹಾಡುವ ದನಿಯ ಬಗ್ಗೆ ಮಾತ್ರ ಭರವಸೆ ಕೊಡಲಾರೆ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

"ಸಿದ್ರಾಮಣ್ಣ, ಇಪ್ಪತ್ತಾರಕ್ಕ ಹತ್ತರಗಿ ಸಾಲ್ಯಾಗ ಝಂಡಾ ಕಾರ್ಯಕ್ರಮ ಐತಿ. ಕರದಾರ. ನಾ ಹೋಗಾಕಿ."

"ತಲಿ ಕೆಟ್ಟೈತೇನ ನಿನಗ? ಎರಡ ದಿನ ಬಿಟ್ಟ ಆಪರೇಶನ್ ಐತಿ."

"ಅದಕ್ಕ ಹೋಗಾಕಿ. ಆಮ್ಯಾಲ ದನಿ ಇರತೈತೋ ಇಲ್ಲೋ. ಇವರ ಹೆಸರ ಒಮ್ಮೆರೆ ಹಾಡಬೇಕು ನಾ. ಇವರು ಅಲ್ಲೇ ನಿಂತ ಕೇಳಬೇಕು. ನೀ ಹೋಗಿ ಅವರನ್ನ ಒಪ್ಪಸು."

ಇವರು ಅಂದರೆ ಗಂಡ, ವೀರಪ್ಪ. ಮಿಲ್ಟ್ರಿಯಲ್ಲಿದ್ದು ಬಂದವನು. ಆಕೆ ಆ ಹೆಸರನ್ನು ಬಾಯಿಂದ ಅಂದದ್ದು ನನಗೆ ತಿಳಿದಂತೆ ಒಂದೇ ಸಲ, ತನ್ನ ಮದುವೆಯಲ್ಲಿ, ಹೆಂಗಸರ ನಡುವೆ, ಗಂಡನ ಹೆಸರನ್ನು ಪದ್ಯದಲ್ಲಿ ಕೂಡಿಸಿ ಹೇಳುವ ಒಡಪು ಹಾಕಿ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ರೇಶನ್ ಅಂಗಡಿಯವನು ಕೇಳಿದರೂ ಲಕ್ಕವ್ವ ಕಾರ್ಡು ತೆಗೆದು ಬೆರಳಿಟ್ಟು ತೋರಿಸುತ್ತಿದ್ದಳು.

ನಾನು ಒಪ್ಪಿದೆ. ಯಾಕೆಂದರೆ ಆ ಹೆಸರು ಆಕೆಯ ಹಳೆಯ ಹಾಡೊಂದರಿಂದ ಬಿಟ್ಟುಹೋದದ್ದರಲ್ಲಿ ನನ್ನ ಪಾಲೂ ಇತ್ತು. ಅದನ್ನು ನಾನು ಯಾರೆದುರಿಗೂ ಬಾಯಿ ಬಿಟ್ಟು ಹೇಳಿದವನಲ್ಲ.

ಲಕ್ಕವ್ವನ ತವರು ತುಕ್ಕಾನಟ್ಟಿ. ಗೋಕಾಕದ ಸಾಲೆಯೊಂದರಲ್ಲಿ ಸ್ವಾತಂತ್ರ್ಯ ದಿನಕ್ಕೆ ಹಾಡಿದಾಗ ಮೊದಲು ಕೇಳಿದೆ. ಮೈಕು ಕೆಟ್ಟಿತ್ತು. ಈ ಹುಡುಗಿ ಮೈಕನ್ನು ಬದಿಗಿಟ್ಟು ಹಾಡಿದಳು, ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು. ನಾನೇ ಧಾರವಾಡಕ್ಕೆ ಕರೆದುಕೊಂಡು ಹೋಗಿ ರೇಡಿಯೋದಲ್ಲಿ ದನಿ ಪರೀಕ್ಷೆ ಮಾಡಿಸಿದೆ. ಇದನ್ನು ಜನ ಮರೆಯುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ಆಮೇಲೆ ದೇಶದ ಹಾಡು ಎಂದರೆ ಲಕ್ಕವ್ವ ಎಂದಾಯಿತು. ರವಿವಾರ ಬೆಳಿಗ್ಗೆ ಆಕೆಯ ಹಾಡು ಬರುವ ಹೊತ್ತಿಗೆ ಹಾಲು ಹಾಕಲು ಬಂದ ಜನ ಕ್ಯಾನು ಕೆಳಗಿಟ್ಟು ಡೇರಿಯ ಮುಂದೆ ನಿಲ್ಲುತ್ತಿದ್ದರು. ಕುಲಗೋಡದ ಬಸ್ಸಿನ ಕಂಡಕ್ಟರು ಆಕೆಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ನನ್ನ ಪೇಟಿಗೆ ಮಾತ್ರ ಲಗೇಜು ಚೀಟಿ ಹರಿಯುತ್ತಿದ್ದ.

ತೊಂಬತ್ತೊಂಬತ್ತರಲ್ಲಿ ಕಾರ್ಗಿಲ್ ಯುದ್ಧ ಬಂತು. ವೀರಪ್ಪನ ಪಲ್ಟನ್ ಅಲ್ಲೇ ಇತ್ತು. ಆಗ ನಾನೂ ಆಕೆಯೂ ಕೂಡಿ ಒಂದು ಹಾಡು ಕಟ್ಟಿದೆವು. "ಗಡಿಯ ಕಾಯಾಕ ಹೋದ ಮಕ್ಕಳಾ, ಹೆಸರ ಹಿಡಿದು ಕೂಗತೇನಿ, ನಿಂತಲ್ಲೇ ಓಗೊಡ್ರಿ" ಎಂದು ಶುರು. ಆಮೇಲೆ ಊರಿನ ಹೆಸರು, ಹುಡುಗನ ಹೆಸರು, ತಾಯಿಯ ಹೆಸರು. ಮೊದಲ ರವಿವಾರ ಐದೇ ಹೆಸರಿದ್ದವು. ಮರುವಾರ ಪೋಸ್ಟ್ ಕಾರ್ಡು ಬರತೊಡಗಿದವು. ನಮ್ಮ ಮಗನದೂ ಸೇರಿಸಿ, ನಮ್ಮ ಅಳಿಯನದೂ ಸೇರಿಸಿ ಎಂದು ಓದು ಬರದ ತಾಯಂದಿರು ಸಾಲೆಯ ಮಾಸ್ತರರಿಂದ ಬರೆಸಿ ಕಳಿಸುತ್ತಿದ್ದರು. ಕಡೆಗೆ ನಲವತ್ತೊಂದು ಹೆಸರಾದವು. ಒಂದೊಂದನ್ನೂ ನಾನು ಕುಳಿತು ತಾಳಕ್ಕೆ ಕೂಡಿಸಿದೆ.

ವೀರಪ್ಪನ ಹೆಸರು ಆ ನಲವತ್ತೊಂದರಲ್ಲಿ ಇರಲಿಲ್ಲ. ರಾಜ್ಯವೆಲ್ಲ ಕೇಳುವ ರೇಡಿಯೋದಲ್ಲಿ ಆಕೆ ಅದನ್ನು ಹೇಗೆ ಹಾಡಿಯಾಳು? ಮೇಲಾಗಿ ಅವನು ಗುಂಡಿನ ಎದುರಿಗಿದ್ದ. ಹೆಸರು ಹೇಳಿ ಏನಾದರೂ ಆಗಿಬಿಟ್ಟರೆ ಎಂದು ಹೆದರಿದಳು. ಸ್ಟುಡಿಯೋದ ಹೊರಗೆ ಬೆಂಚಿನ ಮೇಲೆ ಕುಳಿತು, "ಸಿದ್ರಾಮಣ್ಣ, ಅದೊಂದ ಸಾಲ ನೀ ಹಾಡು" ಎಂದು ಕೈ ಹಿಡಿದು ಕೇಳಿದಳು.

ಹಿಂದಿನ ತಿಂಗಳಷ್ಟೇ ನಾನೂ ಹಾಡುತ್ತೇನೆಂದು ಅಲ್ಲಿನವರನ್ನು ಕೇಳಿದ್ದೆ. ನಿಮ್ಮ ಪೇಟಿ ಚಲೋ ಐತಿ, ಅಷ್ಟ ಸಾಕು ಎಂದಿದ್ದರು. ಆ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇತ್ತು. "ನನ್ನ ದನಿ ಯಾರಿಗೆ ಬೇಕಾಗೇತಿ? ನೀನ ದೊಡ್ಡ ಹಾಡಾಕಿ, ನೀನ ಹಾಡು" ಎಂದುಬಿಟ್ಟೆ. ಒಂದು ಸಾಲು. ಹಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಯುದ್ಧ ಮುಗಿಯಿತು. ಮಳೆಗಾಲ ಕಳೆದ ಮೇಲೆ ವೀರಪ್ಪ ರಜೆಗೆ ಬಂದ. ಊರವರು ಹಾರ ಹಾಕಿ ಮನೆಗೆ ಕರೆದುಕೊಂಡು ಬಂದರು. ಯಾರೋ ಉತ್ಸಾಹಿ ಹಾಡಿನ ಕ್ಯಾಸೆಟ್ ಹಚ್ಚಿದ. ಒಂದೊಂದೇ ಹೆಸರು ಬಂತು. ವೀರಪ್ಪ ನಡುವೆ ಎದ್ದು ಹೋಗಿ ಅದನ್ನು ಬಂದ್ ಮಾಡಿ, ಎಮ್ಮೆಗೆ ನೀರು ಕುಡಿಸಲು ಹೊರಟುಹೋದ. ಲಕ್ಕವ್ವ ಒಲೆಯ ಮುಂದೆ ನಿಂತದ್ದು ನಿಂತೇ ಇದ್ದಳು. ಊರ ಮಕ್ಕಳ ಹೆಸರೆಲ್ಲ ಹಾಡಿದಿ, ನನ್ನದೊಂದು ನಿನಗೆ ಬೇಡಾಯಿತೇ ಎಂದು ಅವನು ಬಾಯಿ ಬಿಟ್ಟು ಕೇಳಿದ್ದರೆ ಚೆನ್ನಾಗಿತ್ತು. ಅವನು ಕೇಳಲಿಲ್ಲ.

ಆಮೇಲೆ ಇಪ್ಪತ್ತಾರು ವರ್ಷ ಅವನು ಆ ಹಾಡನ್ನು ಪೂರ್ತಿ ಕೇಳಿದ್ದಿಲ್ಲ. ಒಳ್ಳೆಯ ಗಂಡ. ಪಿಂಚಣಿ ಬಂದ ಮೇಲೆ ಕಬ್ಬು ನೋಡಿಕೊಂಡು, ಆಕೆಯ ಕಾರ್ಯಕ್ರಮಕ್ಕೆ ತಾನೇ ಗಾಡಿ ಹೊಡೆದುಕೊಂಡು ಬರುವನು. ಆಕೆಯ ಚಹದ ಥರ್ಮಾಸು ಹಿಡಿದುಕೊಂಡು ನಿಲ್ಲುವನು. ಹೆಸರಿನ ಹಾಡು ಶುರುವಾದರೆ ಮಾತ್ರ ಎಲ್ಲಿಗೋ ಮಾಯ. ಹತ್ತರಗಿಯಿಂದ ಕರೆ ಬಂದರಂತೂ ಏನೋ ಕೆಲಸ ಹೇಳಿ ತಪ್ಪಿಸಿಕೊಳ್ಳುವನು. ಆಗ ನಾನೂ ಆಕೆಯೂ ಬಸ್ಸಿಗೆ ಹೋಗುತ್ತಿದ್ದೆವು. ಹೆಸರು ಬಿಟ್ಟದ್ದಕ್ಕೇ ಈ ಸಿಟ್ಟು ಎಂದು ಆಕೆ ನಂಬಿದ್ದಳು. ನಾನೂ ನಂಬಿದ್ದೆ.

ಲಕ್ಕವ್ವ ನನ್ನ ಕಟ್ಟೆಗೆ ಬಂದ ಅವತ್ತೇ ಮಧ್ಯಾಹ್ನ ಕಬ್ಬಿನ ಗದ್ದೆಗೆ ಹೋಗಿ ವೀರಪ್ಪನನ್ನು ತರಾಟೆಗೆ ತೆಗೆದುಕೊಂಡೆ.

"ಇಪ್ಪತ್ತಾರಕ್ಕ ನಿನ್ನ ಹೆಂಡ್ತಿ ಹತ್ತರಗ್ಯಾಗ ಹಾಡಾಕಿ ಅದಾಳ. ಆಕಿ ದನಿ ಮುಂದ ಉಳಿಯೂದು ಖಾತ್ರಿ ಇಲ್ಲ. ಒಂದ ಹೆಸರ ಬಿಟ್ಟಾಳಂತ ಎಷ್ಟ ವರ್ಷ ಸೆಟಗೊಂಡಿರಾಂವ ನೀ? ಗಂಡಸಾಗಿ ನಾಚಿಕಿ ಬರಬೇಕು."

ವೀರಪ್ಪ ಕುಡುಗೋಲು ಕೆಳಗಿಟ್ಟ. "ಯಾವ ಹೆಸರ, ಮಾಸ್ತರ?" ಎಂದ.

"ನಿಂದ. ಮತ್ತ ಯಾರದು?"

ಅವನು ನನ್ನನ್ನು ನೋಡಿದ ರೀತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. "ನನ್ನ ಹೆಸರ ಯಾಂವ ಕೇಳ್ಯಾನ್ರಿ? ಆಕಿ ನನ್ನ ಹೆಸರ ಹಾಡಬಾರದಂತ ನಮ್ಮವ್ವ ಸ್ವತಾ ದೇವರಿಗೆ ಬೇಡಕೊಂಡಿದ್ಲು. ಆ ಹಾಡಿನಾಗ ಹತ್ತರಗಿ ಸೋಮಲಿಂಗನ ಹೆಸರ ಐತಿ. ಅಂವಾ ನನ್ನ ತೊಡಿ ಮ್ಯಾಲ ಸತ್ತಾನ."

ನಾನು ಬದುವಿನ ಮೇಲೆ ಕುಳಿತೆ. ಸೋಮಲಿಂಗನ ಸುದ್ದಿ ನನಗೆ ಗೊತ್ತಿತ್ತು. ರವಿವಾರ ರೇಡಿಯೋದಲ್ಲಿ "ಹತ್ತರಗಿ ಸೋಮಲಿಂಗ, ಭರಮವ್ವನ ಹಿರಿಮಗ" ಎಂದು ನಾವು ಹಾಡಿದೆವು, ಬುಧವಾರ ಅವನ ಮನೆಗೆ ಸಾವಿನ ತಾರು ಬಂತು. ಹಿಂದಿನ ಶುಕ್ರವಾರವೇ ಹೋಗಿದ್ದ. ಲಕ್ಕವ್ವ ಹೆಸರು ತೆಗೆಯಲು ಹೊರಟಾಗ ಅವನ ತಾಯಿ ಭರಮವ್ವ ಹೇಳಿ ಕಳಿಸಿದ್ದಳು: ತೆಗೆಯಬೇಡಿರಿ, ಅವನ ಹೆಸರು ಕರೆಯುವವರು ಮತ್ತೆ ಯಾರಿದ್ದಾರೆ ಎಂದು. ಆದರೆ ಅವನು ಯಾರ ಮಡಿಲಲ್ಲಿ ಜೀವ ಬಿಟ್ಟ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಮತ್ತ ಲಕ್ಕವ್ವಗ ಯಾಕ ಹೇಳಲಿಲ್ಲೋ?"

"ಹೇಳಿದ್ರ ಆಕಿ ಆ ಹಾಡ ಬಿಡತಿದ್ಲು. ಹಾಡ ಬಿಟ್ರ ಆಕಿ ಬದುಕಾಕಿ ಅಲ್ಲ. ಸೋಮಲಿಂಗನ ಅವ್ವಗರೆ ಹೆಂಗ ಮಾರಿ ತೋರಸಲಿ? ಇಬ್ಬರೂ ಕೂಡಿ ಹೋದವರು, ನಾ ಒಬ್ಬಾಂವ ಬಂದೇನಿ. ಹತ್ತರಗಿ ಬೋರ್ಡ ಕಂಡ್ರ ಗಾಡಿ ತಿರಗಸತೇನಿ."

ಸಂಜೆ ಇದನ್ನೆಲ್ಲ ಲಕ್ಕವ್ವನಿಗೆ ಹೇಳಿದೆ. ಹೇಳದೆ ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಆಕೆ ಬಹಳ ಹೊತ್ತು ಅತ್ತಳು. "ಇಪ್ಪತ್ತಾರ ವರ್ಷ ನಾ ಬರೇ ನಂದ ತಪ್ಪ ಎಣಸ್ಕೋತ ಕುಂತೆ. ಅವರ ಸಂಕಟ ನನಗ ಕಾಣಲಿಲ್ಲ ನೋಡ."

"ಹಂಗಾರ ಹತ್ತರಗಿ ಕಾರ್ಯಕ್ರಮ ಬಿಡು. ಇಲ್ಲಾಂದ್ರ ಸೋಮಲಿಂಗನ ಸಾಲರೆ ಬಿಡು."

"ಭರಮವ್ವ ಆಯಿ ಮುಂದ ಕುಂತಿರತಾಳ. ಆಕಿ ಬರೂದ ಆ ಒಂದ ಸಾಲಿಗೆ. ಹೆಂಗ ಬಿಡ್ಲಿ? ಇವರನ್ನ ಗೇಟಿನ ತನಕರೆ ಕರಕೊಂಡ ಬಾ."

ಒಳಗೆ ಬಾ ಎನ್ನುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆ ಇಪ್ಪತ್ತಾರರಂದು ವೀರಪ್ಪ ಗಾಡಿ ಹೊಡೆದ. ಸಾಲೆಯ ಗೇಟಿನ ಆಚೆ ಹೈವೇ ಬದಿಗೆ ನಿಲ್ಲಿಸಿ, "ನಾ ಇಲ್ಲೇ ಇರತೇನಿ" ಎಂದ. ಸ್ಟೇಜಿನಿಂದ ನನಗೆ ಅವನು ಕಾಣುತ್ತಿದ್ದ. ಗಾಡಿಗೆ ಆನಿಕೊಂಡು ನಿಂತು ಕೆಳಗೆ ನೋಡುತ್ತಿದ್ದ. ಮುಂದಿನ ಸಾಲಿನ ಕುರ್ಚಿಯಲ್ಲಿ ಭರಮವ್ವ ಕುಳಿತಿದ್ದಳು, ಎಂಬತ್ತು ದಾಟಿದ ಜೀವ. ಲಾರಿಗಳ ಸದ್ದು ಬೇರೆ. ಲಕ್ಕವ್ವ ಶುರು ಮಾಡಿದಾಗ ದನಿ ಒಡೆದಿತ್ತು. ಮೊದಲಿದ್ದ ದನಿಯಲ್ಲ. ಆದರೂ ಮಕ್ಕಳು ಸುಮ್ಮನಾದರು.

ಎಂಟನೆಯ ಹೆಸರು ಹತ್ತರಗಿಯದು. "ಹತ್ತರಗಿ ಸೋಮಲಿಂಗ, ಭರಮವ್ವನ ಹಿರಿಮಗ." ಮುದುಕಿ ಕಣ್ಣು ಮುಚ್ಚಿ ಕೈ ಮುಗಿದಳು. ಅತ್ತ ವೀರಪ್ಪ ತಿರುಗಿ ಗಾಡಿಯ ಬಾಗಿಲು ತೆಗೆದ. ಲಕ್ಕವ್ವ ಅದನ್ನು ನೋಡಿದಳು. ಮುಂದಿನ ಹೆಸರು ಹುಕ್ಕೇರಿಯ ಹುಡುಗನದು, ನಾನು ಆ ಸ್ವರಕ್ಕೆ ಬೆರಳಿಟ್ಟಿದ್ದೆ. ಆಕೆ "ಕುಲಗೋಡದ" ಎಂದು ಎತ್ತಿಕೊಂಡಳು.

ಅಲ್ಲಿಗೆ ನಿಂತಳು. ಕೈ ತನ್ನಷ್ಟಕ್ಕೆ ತಾನೇ ಸೆರಗಿಗೆ ಹೋಯಿತು. ನಾನು ಪೇಟಿಯ ಗಾಳಿ ಬಿಡದೆ ಸ್ವರ ಹಿಡಿದೆ. ಇನ್ನು ತಡೆಯಲಾರದೆ ನಾನೇ ಬಾಯಿ ತೆರೆದೆ. ಆಕೆ ನನ್ನ ಕಡೆ ಬೆರಳೆತ್ತಿ ಸುಮ್ಮನಿರಿಸಿದಳು. ಸೆರಗು ಬಿಟ್ಟು, ಕಣ್ಣು ಗೇಟಿನ ಕಡೆ ಇಟ್ಟು ಹಾಡಿದಳು.

"ಕುಲಗೋಡದ ವೀರಪ್ಪ, ಸೋಮಲಿಂಗನ ಜೋಡಿ."

ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಬಾಯಿಗೆ ಸೆರಗು ಹಿಡಿದು ನಕ್ಕರು. ವೀರಪ್ಪ ಗಾಡಿಯ ಬಾಗಿಲಿಗೆ ಕೈ ಹಚ್ಚಿದವನು ಹಾಗೇ ನಿಂತ. ಭರಮವ್ವ ಕಣ್ಣು ತೆರೆದಳು. ಕುರ್ಚಿ ಹಿಡಿದು ಎದ್ದಳು.

"ಯಾವ ವೀರಪ್ಪ? ಕುಲಗೋಡದಾಂವಾ? ಅಂವಾ ಅದಾನೇನ ಇಲ್ಲಿ?"

ಲಕ್ಕವ್ವ ಹಾಡು ನಿಲ್ಲಿಸಿ ಗೇಟಿನ ಕಡೆ ಕೈ ತೋರಿಸಿದಳು. ಮುದುಕಿ ಯಾರ ಆಸರೆಗೂ ಕಾಯದೆ ಮೈದಾನಕ್ಕೆ ಅಡ್ಡವಾಗಿ ನಡೆಯತೊಡಗಿದಳು. ಮಕ್ಕಳು ದಾರಿ ಬಿಟ್ಟರು. ಅಷ್ಟು ವಯಸ್ಸಾದವಳನ್ನು ಅಷ್ಟು ದೂರ ನಡೆಸಲು ವೀರಪ್ಪನ ಮನಸ್ಸು ಒಪ್ಪಿರಲಿಕ್ಕಿಲ್ಲ. ಅವನೇ ಒಳಗೆ ಬಂದ. ನಾನು ಪೇಟಿ ಬಿಟ್ಟು ಸ್ಟೇಜಿನಿಂದ ಇಳಿದು ಓಡಿದೆ, ಮುದುಕಿ ಬಿದ್ದಾಳೆಂದು.

ಭರಮವ್ವ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ನನ್ನ ಮಗಾ ಕಾಗದದಾಗ ನಿನ್ನ ಹೆಸರ ಬರೀತಿದ್ದ. ಅಂವಾ ಹೋಗೂ ಹೊತ್ತಿನ್ಯಾಗ ನೀ ಬಾಜೂಕ ಇದ್ದೇನಪಾ?"

"ಇದ್ದೆ ಆಯಿ." ವೀರಪ್ಪ ಕಣ್ಣು ಎತ್ತಲಿಲ್ಲ. "ಉಳಸಾಕ ಆಗಲಿಲ್ಲ. ನನ್ನ ಕೈಲೆ ಆಗಲಿಲ್ಲ."

ಆಕೆ ಆ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಅವನ ಬಾಯಾಗ ಯಾರರೆ ನೀರ ಬಿಟ್ರೇನು?"

"ನಾ ಬಿಟ್ಟೆ. ಮೂರ ಗುಟುಕ ಕುಡದ."

ಭರಮವ್ವ ಅವನ ಕೈ ಹಿಡಿದುಕೊಂಡೇ ಅಲ್ಲಿ ಮಣ್ಣಿನಲ್ಲಿ ಕುಳಿತುಬಿಟ್ಟಳು. ಅವನೂ ಪಕ್ಕದಲ್ಲಿ ಕುಳಿತ.

"ಇಷ್ಟ ಕೇಳೂದಿತ್ತಪಾ ನನಗ," ಎಂದಳು. "ಯಾರನ್ನ ಕೇಳಬೇಕಂತ ಗೊತ್ತಾಗಿರಲಿಲ್ಲ."