ವೆಂಕಟರಮಣಪ್ಪನವರ ಪಂಚೆ ಮತ್ತು ತೋಪಿನ ಬೆಂಕಿ

ಅತ್ತಿಬೆಲೆ ಆಚೆಗಿನ ತಮ್ಮ ಮಾವಿನ ತೋಪಿನಲ್ಲಿ ವೆಂಕಟರಮಣಪ್ಪನವರು ಶನಿವಾರ ಶನಿವಾರ ಟೆಂಟ್ ಹಾಕಿಸುತ್ತಿದ್ದರು. ಆಫೀಸಿನವರು ಬರುತ್ತಿದ್ದರು, ಬೆಂಕಿ ಹಾಕಿಕೊಂಡು ಹಾಡುತ್ತಿದ್ದರು, ಬೆಳಗ್ಗೆ ಎದ್ದು ಹೋಗುತ್ತಿದ್ದರು. ಬೆಂಕಿ ಮಾತ್ರ ಹೋಗುತ್ತಿರಲಿಲ್ಲ.

ಆ ಭಾನುವಾರವೂ ವೆಂಕಟರಮಣಪ್ಪನವರು ಕೆಂಡದ ಗುಂಡಿಗೆ ಕೈಮುಗಿದು, ನಾಲ್ಕು ಬಾಂಡ್ಲಿ ಮಣ್ಣು ಮುಚ್ಚಿದರು. ಸೊಸೆ ಮಂಜುಶ್ರೀ ಎರಡು ಬಕೆಟ್ ನೀರು ತಂದಳು.

“ನೀರು ಹುಯ್ಯಿರಿ ಮಾವ. ಹತ್ತು ಗಂಟೆಗೆ ಮುಂದಿನೋರು ಬರ್ತಾರೆ, ಜೊತೇಲಿ ಮಕ್ಕಳಿದಾರೆ. ಬರಿಗಾಲಲ್ಲಿ ತುಳಿದ್ರೆ?”

“ಬೆಂಕಿ ದೇವ್ರು ಕಣಮ್ಮ. ದೇವ್ರ ತಲೆ ಮೇಲೆ ಬಕೆಟ್ ಕವುಚ್ತಾರಾ? ಮಣ್ಣಾಕಿದೀನಿ, ಆರೋಗಿದೆ.”

“ಆರಿಲ್ಲ ಮಾವ.”

“ಆರಿದೆ ಅಂದ್ನಲ್ಲ. ನೋಡು.”

ಹೊಸ ಪಂಚೆ ಸರಿಮಾಡಿಕೊಂಡು ಆ ಮಣ್ಣಿನ ಮೇಲೇ ಚಕ್ಕಳಮಕ್ಕಳ ಹಾಕಿ ಕೂತರು. ಮಾಗಿಯ ಚಳಿಗೆ ಮೊದಮೊದಲು ಸುಖವಾಗಿಯೇ ಇತ್ತು. ಆಮೇಲೆ ಮುಖದ ಗಾಂಭೀರ್ಯ ಸ್ವಲ್ಪ ಸ್ವಲ್ಪವೇ ಜಾರತೊಡಗಿತು. ಹಿಂದಿನಿಂದ ಹೊಗೆ ಎದ್ದಿತು. ಎದ್ದವರು ನೇರ ಹೋಗಿ ಬೋರ್‌ವೆಲ್ ನೀರು ಬೀಳುತ್ತಿದ್ದ ತೊಟ್ಟಿಯಲ್ಲಿ ಕೂತುಬಿಟ್ಟರು.

ಹೆಂಡತಿ ಮುನಿಯಕ್ಕ ಹಲ್ಲಿನ ಪೇಸ್ಟ್ ಹಿಡಿದು ಓಡಿಬಂದರು.

“ಸುಟ್ಟಿದ್ದಕ್ಕೆ ಪೇಸ್ಟ್ ಬೇಡ ಅತ್ತೆ, ತಣ್ಣೀರೇ ಸರಿ. ಇಪ್ಪತ್ತು ನಿಮಿಷ ಅಲ್ಲೇ ಕೂತಿರ್ಲಿ,” ಎಂದಳು ಮಂಜುಶ್ರೀ.

“ಅಲ್ರೀ,” ಎಂದರು ಮುನಿಯಕ್ಕ, “ಮೂವತ್ತು ವರ್ಷದಿಂದ ಬಚ್ಚಲೊಲೆ ಕೆಂಡಕ್ಕೆ ಬೂದಿ ಮುಚ್ತಿದೀನಿ. ಆರ್ಲಿ ಅಂತಲ್ಲ. ಬೆಳಗ್ಗೆ ನಿಮ್ಮ ಸ್ನಾನಕ್ಕೆ ಕೆಂಡ ಉಳೀಲಿ ಅಂತ.”

ತೊಟ್ಟಿಯಿಂದ ಧ್ವನಿ ಬಂತು: “ಆದ್ರೂ ದೇವ್ರ ತಲೆ ಮೇಲೆ ನೀರು…”

“ಸೋಮವಾರ ಸೋಮವಾರ ಸೋಮೇಶ್ವರನ ತಲೆ ಮೇಲೆ ಹುಯ್ತೀರಲ್ಲ ಮಾವ, ಅದೇನು?”

ಇಪ್ಪತ್ತು ನಿಮಿಷ ಮುಗಿಸಿ ವೆಂಕಟರಮಣಪ್ಪನವರು ಎದ್ದು ಬಂದರು. ಪಂಚೆಯ ಹಿಂದೆ ತಟ್ಟೆಯಗಲದ ತೂತು. ಸೊಸೆ ಹೇಳಿದಂತೆ ಸ್ವಲ್ಪ ದೂರ ನಿಂತು ನಿಧಾನವಾಗಿ ನೀರು ಹುಯ್ದರು, ಉದ್ದನೆಯ ಕೋಲಿನಿಂದ ಕೆದಕಿದರು. ಅಡಿಯ ಕೆಂಡ ಚುಂಯ್ ಎಂದಿತು. ಸದ್ದು ನಿಲ್ಲುವವರೆಗೂ ಹುಯ್ದು, ಕೆದಕಿ, ಕೊನೆಗೆ ಮುಂಗೈ ಹತ್ತಿರ ಹಿಡಿದು ನೋಡಿದರು. ತಣ್ಣಗಿತ್ತು.

ಹತ್ತಕ್ಕೆ ಬಂದ ಮಕ್ಕಳು ಚಪ್ಪಲಿ ಬಿಸಾಡಿ ಮೊದಲು ಓಡಿದ್ದು ಆ ಗುಂಡಿಗೇ. ವೆಂಕಟರಮಣಪ್ಪನವರು ಕಣ್ಣುಮುಚ್ಚಿ ಮತ್ತೊಮ್ಮೆ ಕೈಮುಗಿದರು.

ಈಗ ಬಂದವರಿಗೆಲ್ಲ ಅವರದೇ ಪಾಠ: “ತರಗೆಲೆ ಗುಡಿಸಿ, ಟೆಂಟಿಂದ ದೂರ ಹಚ್ಚಿ, ಬಕೆಟ್ ಪಕ್ಕದಲ್ಲಿರ್ಲಿ. ಅಭಿಷೇಕ ಆಗ್ದೆ ಯಾರೂ ಹೊರಡಂಗಿಲ್ಲ ಸಾರ್.” ನಂಬದವರಿಗೆ ತೋರಿಸಲು ಪಂಚೆ ಮಾವಿನ ಕೊಂಬೆಯಲ್ಲಿ ನೇತಾಡುತ್ತಿದೆ.

ನೀವೂ ಬಯಲಲ್ಲಿ ಬೆಂಕಿ ಹಾಕಿದರೆ, ಬರೀ ಮಣ್ಣು ಮುಚ್ಚಿ ಹೊರಡಬೇಡಿ. ನೀರು ಹುಯ್ಯಿರಿ, ಕೆದಕಿ, ಮತ್ತೆ ಹುಯ್ಯಿರಿ. ಪೂರ್ತಿ ತಣ್ಣಗಾಗಿದೆಯೇ ಎಂದು ನೋಡಲು ಕೈ ಸಾಕು. ಕೂತು ನೋಡುವ ಕೆಲಸವನ್ನು ವೆಂಕಟರಮಣಪ್ಪನವರು ಆಗಲೇ ಮುಗಿಸಿದ್ದಾರೆ.