ಕಟಕೋಳದ ಅಳ್ಳಿನ ಜೋಳ

ನಾಗರ ಪಂಚಮಿ ಹತ್ತಿರ ಬಂತೆಂದರೆ ಧಾರವಾಡದ ಪ್ರಯೋಗಾಲಯದಲ್ಲಿ ಅನ್ನಪೂರ್ಣಾಳಿಗೆ ಕೆಲಸವೇ ಸಾಗುತ್ತಿರಲಿಲ್ಲ. ಕೈ ಜೋಳದ ಎಲೆ ಅರೆಯುತ್ತಿದ್ದರೂ ಮೂಗಿಗೆ ಮಾತ್ರ ತನ್ನೂರು ಸಂಪಗಾಂವದ ಅಡುಗೆಮನೆಯ ವಾಸನೆ ಬಡಿಯುತ್ತಿತ್ತು. ಹಂಚು ಕಾಯ್ದ ವಾಸನೆ, ಜೋಳ ಅರಳಿ ಅಳ್ಳು ಸಿಡಿದ ವಾಸನೆ, ಸೋಮವ್ವತ್ತಿಯ ಹೊಸ ಸೀರೆಯ ವಾಸನೆ.

ಸೋಮವ್ವ ಅವಳ ಅಪ್ಪ ನಿಜಗುಣಪ್ಪನ ಒಬ್ಬಳೇ ತಂಗಿ. ಕೊಟ್ಟದ್ದು ಕಟಕೋಳಕ್ಕೆ. ಮದುವೆಯಲ್ಲಿ ಹಡೆದವ್ವ, ಅಂದರೆ ಅನ್ನಪೂರ್ಣಾಳ ಅಜ್ಜಿ, ಅವಳ ಉಡಿ ತುಂಬಿದ್ದು ಮನೆಯ ಅಳ್ಳಿನ ಜೋಳದಿಂದ. ಕಾಳು ಸಣ್ಣದು, ರೊಟ್ಟಿಗೆ ಬಾರದ್ದು, ಆದರೆ ಕಾದ ಹಂಚಿಗೆ ಬಿದ್ದರೆ ಮಲ್ಲಿಗೆಯ ಹಾಗೆ ಅರಳುವಂಥದ್ದು. ಮುಂದೆ ಸಂಪಗಾಂವದ ಹೊಲಕ್ಕೆ ಹೈಬ್ರಿಡ್ ಹತ್ತಿ ಬಂತು, ಆ ಜೋಳ ಅಲ್ಲಿಂದ ಹೇಳಹೆಸರಿಲ್ಲದೆ ಹೋಯಿತು. ಸೋಮವ್ವ ಮಾತ್ರ ಕಟಕೋಳದ ಹೊಲದ ಬದುವಿಗೆ ವರ್ಷವೂ ಒಂದಿಷ್ಟು ಸಾಲು ಬಿತ್ತಿ, ಪಂಚಮಿಗೆ ತವರಿಗೆ ಬರುವಾಗ ಗಂಟು ಕಟ್ಟಿ ತರುತ್ತಿದ್ದಳು.

ಒಲೆಯ ಮುಂದೆ ಕೂತು, ಕೋಲಿಗೆ ಬಟ್ಟೆ ಸುತ್ತಿ, ಹಂಚಿನ ಮೇಲೆ ಅವಳು ಕಾಳು ಆಡಿಸುತ್ತಿದ್ದರೆ ಅಡುಗೆಮನೆಯೆಲ್ಲ ಚಟಪಟ. "ಹಂಚಿನ್ಯಾಗಿಂದು ನಾಗಪ್ಪಗ, ಹೊರಗ ಬಿದ್ದಿದ್ದು ನನ್ನ ಸೊಸಿಗೆ!" ಎನ್ನುತ್ತ ಬೇಕೆಂದೇ ಜೋರಾಗಿ ತಿರುವುತ್ತಿದ್ದಳು. ಲಂಗದ ತುಂಬ ಅಳ್ಳು ಆಯ್ದುಕೊಂಡ ಆ ದಿನಗಳಿಗಿಂತ ದೊಡ್ಡ ಸಿರಿವಂತಿಕೆಯನ್ನು ಅನ್ನಪೂರ್ಣಾ ಆಮೇಲೆ ಕಾಣಲಿಲ್ಲ.

ಎಲ್ಲ ಕೆಟ್ಟದ್ದು ತೊಂಬತ್ಮೂರರಲ್ಲಿ. ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣನೇ ಹೋಗಬೇಕು, ಅದು ಪದ್ಧತಿ. ಆ ವರ್ಷ ಹತ್ತಿಗೆ ಹುಳ ಬಿದ್ದಿತ್ತು, ನಿಜಗುಣಪ್ಪ ಔಷಧ ಹೊಡೆಯುವ ಗಡಿಬಿಡಿಯಲ್ಲಿದ್ದ. ಕಟಕೋಳದ ಮೇಲೆ ಹಾದು ರಾಮದುರ್ಗದ ಕಡೆ ಟ್ರ್ಯಾಕ್ಟರ್ ಒಯ್ಯುತ್ತಿದ್ದ ನೆರೆಮನೆಯ ಬಸಯ್ಯನಿಗೆ, "ಬರುವಾಗ ನಮ್ಮ ಸೋಮವ್ವನ್ನ ಕರಕೊಂಡ ಬಾರಪಾ" ಎಂದುಬಿಟ್ಟ. ಸೋಮವ್ವ ಹೊಸ್ತಿಲಲ್ಲಿ ನಿಂತೇ ಕೇಳಿದಳಂತೆ: "ಬಸಯ್ಯ, ನೀ ಯಾವಾಗಿಂದ ನಮ್ಮಣ್ಣ ಆದಿ?" ಟ್ರ್ಯಾಕ್ಟರ್ ಬರಿದೇ ತಿರುಗಿ ಬಂತು. ಹೋಗಿ ಸಮಾಧಾನ ಮಾಡುವುದು ಬಿಟ್ಟು ನಿಜಗುಣಪ್ಪನೂ ಮುಖ ಊದಿಸಿಕೊಂಡು ಕೂತ. ಹಟದಲ್ಲಿ ಅಣ್ಣ ತಂಗಿ ಒಬ್ಬರಿಗಿಂತ ಒಬ್ಬರು ಮೇಲು. ಹಾಗೇ ಒಂಬತ್ತು ಪಂಚಮಿ ಸರಿದುಹೋದವು.

ಇತ್ತ ಅನ್ನಪೂರ್ಣಾ ಓದಿ ಓದಿ ಸಂಶೋಧನೆಗೆ ಬಂದಳು. ಜೋಳದ ಕಾಳು ಅರಳುವ ಗುಣ ಅದರ ವಂಶವಾಹಿಯ ಯಾವ ಮೂಲೆಯಲ್ಲಿ ಕೂತಿದೆ ಎಂದು ಹುಡುಕುವುದು, ಸಿಕ್ಕರೆ ಅದನ್ನು ದಪ್ಪ ತೆನೆಯ ಮಾಲದಂಡಿ ಜೋಳಕ್ಕೆ ತರುವುದು ಅವಳು ಹಿಡಿದ ವಿಷಯ. ಬರ ತಡೆಯುವ ಗುಣ, ರೋಗ ತಡೆಯುವ ಗುಣ ಎಂದು ಜೋಳದಲ್ಲಿ ಬೇರೆ ನೂರು ವಿಷಯಗಳಿದ್ದವು. ಅವನ್ನೆಲ್ಲ ಬಿಟ್ಟು ಅಳ್ಳೇ ಯಾಕೆ ಎಂದು ಗುರುಗಳು ಕೇಳಿದಾಗ ಇಂಗ್ಲಿಷಿನಲ್ಲಿ ಏನೋ ಹೇಳಿ ಪಾರಾಗಿದ್ದಳು. ನಿಜ ಏನೆಂದರೆ, ಅವಳಿಗೆ ಅತ್ತಿ ಬೇಕಾಗಿದ್ದಳು.

ಆ ಸಲದ ನಾಗರ ಅಮಾವಾಸ್ಯೆಯ ದಿನ ಧೈರ್ಯ ಮಾಡಿ ಕಟಕೋಳದ ಬಸ್ಸು ಹತ್ತಿದಳು. ಸೋಮವ್ವ ಸೊಸೆಯನ್ನು ನೋಡಿ ಕೆನ್ನೆ ಸವರಿ ಲಟಿಕೆ ಮುರಿದಳು, ಒತ್ತಾಯ ಮಾಡಿ ಹೋಳಿಗೆ ಉಣಿಸಿದಳು. ಅಣ್ಣನ ಸುದ್ದಿ ಮಾತ್ರ ಎತ್ತಲಿಲ್ಲ.

"ಅತ್ತಿ, ಅಳ್ಳಿನ ಜೋಳ ಬೇಕಾಗಿತ್ತು. ನನ್ನ ಕೆಲಸಕ್ಕ."

ಸೋಮವ್ವ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದು, ಮಡಿಸಿಟ್ಟ ಇಳಕಲ್ ಸೀರೆಯ ಮೇಲಿದ್ದ ಬಿಳಿ ಗಂಟನ್ನು ತಂದು ಕೊಟ್ಟಳು. "ತಗೋವಾ. ನಿನಗಿಂತ ಹೆಚ್ಚಿನವರು ಯಾರದಾರ ನನಗ" ಎಂದಳು.

ಧಾರವಾಡಕ್ಕೆ ಬಂದವಳೇ ಅನ್ನಪೂರ್ಣಾ ಒಂದು ಚಿಟಿಕೆ ಕಾಳು ಪುಡಿ ಮಾಡಿ ಡಿಎನ್‌ಎ ತೆಗೆದಳು. ಕತ್ತಲೆ ಕೋಣೆಯ ನೇರಳೆ ಬೆಳಕಿನಲ್ಲಿ ಗೆರೆಗಳು ಚೊಕ್ಕವಾಗಿ ಮೂಡಿದವು, ಮಾಲದಂಡಿಯ ಗೆರೆಗಳಿಗಿಂತ ಬೇರೆಯಾಗಿ. ಅಜ್ಜಿ ತುಂಬಿದ ಉಡಿಯಿಂದ ಬಂದದ್ದು ಹೀಗೆ ಸಾಲಾಗಿ ನಿಂತಿತ್ತು. ಆದರೆ ತಳಿ ಕೂಡಿಸಬೇಕಾದರೆ ಬೆಳೆಯುವ ಗಿಡ ಬೇಕು. ಮೊಳಕೆ ನೋಡಲು ಒದ್ದೆ ಕಾಗದದ ನಡುವೆ ಇಟ್ಟ ಕಾಳುಗಳಲ್ಲಿ ಮೂರನೆಯ ದಿನಕ್ಕೂ ಒಂದೂ ಬಾಯಿ ಬಿಡಲಿಲ್ಲ.

ಮೊದಲು ಕಾಗದವನ್ನು ಬೈದಳು, ಆಮೇಲೆ ಕಾಗದ ಇಟ್ಟ ಪೆಟ್ಟಿಗೆಯ ಶಾಖವನ್ನು. ಕೊನೆಗೆ ಕಾಳನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿದರೆ ಸಿಪ್ಪೆ ಅಲ್ಲಲ್ಲಿ ಬಿರಿದಿತ್ತು. ಆಗ ಸಂಪಗಾಂವದ ಅಡುಗೆಮನೆ ಕಣ್ಣ ಮುಂದೆ ಬಂತು. ಅಳ್ಳು ಹುರಿಯುವ ಮುಂಚೆ ಅತ್ತಿ ಕಾಳಿಗೆ ಕುದಿಯುವ ನೀರು ಚಿಮುಕಿಸಿ, ಗಂಟು ಕಟ್ಟಿ, ಕಂಬಳಿ ಹೊದಿಸಿಟ್ಟು, ಮರುದಿನ ನೆರಳಿಗೆ ಆರಹಾಕುತ್ತಿದ್ದಳು. ಹಾಗೆ ಮಾಡಿದ ಕಾಳು ಚೆನ್ನಾಗಿ ಅರಳುತ್ತದೆ, ಮೊಳೆಯುವುದಿಲ್ಲ.

ಕಟಕೋಳದ ಮನೆಯಲ್ಲಿ ಅಳ್ಳು ತಿನ್ನುವವರು ಯಾರು? ಮಾವನಿಗೆ ಹಲ್ಲಿಲ್ಲ, ಅವರ ಮಗ ಅಪ್ಪು ಅದನ್ನು ಮೂಸಿಯೂ ನೋಡುವವನಲ್ಲ. ಮತ್ತೆ ಟ್ರಂಕಿನಲ್ಲಿ, ತವರಿಗೆ ಹೊರಟವರ ಹಾಗೆ ಮಡಿಸಿಟ್ಟ ಸೀರೆಯ ಮೇಲೆ, ಆ ಗಂಟು ಯಾಕಿತ್ತು? ಅನ್ನಪೂರ್ಣಾ ಕೂತಲ್ಲೇ ಅತ್ತಳು. ಗುರುಗಳಿಗೆ ಒಂದು ಮಾತೂ ಹೇಳದೆ ಗಂಟು ಚೀಲಕ್ಕೆ ಹಾಕಿಕೊಂಡು ಸಂಪಗಾಂವಕ್ಕೆ ಹೊರಟಳು.

ನಿಜಗುಣಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ತಂಗಿಯ ಹೆಸರು ಕೇಳುತ್ತಲೇ, "ಟ್ರ್ಯಾಕ್ಟರ್ ತಿರುಗಿ ಕಳಿಸಿದಾಕಿ ಆಕಿ" ಎಂದು ಹಳೆಯ ರಾಗ ತೆಗೆದ. ಅನ್ನಪೂರ್ಣಾ ವಾದಕ್ಕೆ ಹೋಗಲಿಲ್ಲ. ಗಂಟು ಬಿಚ್ಚಿ ಅವನ ಅಂಗೈಗೆ ಕಾಳು ಸುರಿದಳು.

"ಇದು ನಾಟಂಗಿಲ್ಲಪಾ. ಬಿಸಿನೀರು ಹೊಡದಾಳ."

ನಿಜಗುಣಪ್ಪ ಒಂದು ಕಾಳು ಹಲ್ಲಿಗೆ ಇಟ್ಟು ಕಡಿದ. ಎಲೆ ಅಡಿಕೆ ಮರೆತುಹೋಯಿತು.

"ಯಾವಾಗ ಹೊಡದಾಳ?"

"ನಾ ಹೋಗೂದ್ರಾಗ ಟ್ರಂಕಿನ್ಯಾಗ ಇತ್ತು. ಸೀರಿ ಮ್ಯಾಲ."

ಅವನು ಕಾಳನ್ನೆಲ್ಲ ಒಂದೂ ಬೀಳದಂತೆ ಗಂಟಿಗೆ ಹಾಕಿ, ಗೂಟದ ಮೇಲಿನ ಟೊಪ್ಪಿಗೆಗೆ ಕೈ ಚಾಚಿದ. "ಕಟಕೋಳಕ್ಕ ಯರಗಟ್ಟಿ ಬಸ್ಸು ಸಿಗತೈತೇನ ನೋಡು, ನಡಿ" ಎಂದ.

ಕಟಕೋಳದ ಹೊಸ್ತಿಲಲ್ಲಿ ಅಣ್ಣನನ್ನು ಕಂಡ ಸೋಮವ್ವ ನಗಲೂ ಇಲ್ಲ, ಅಳಲೂ ಇಲ್ಲ. ಕಾಲಿಗೆ ನೀರು ಕೊಟ್ಟಳು. ನಿಜಗುಣಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ, "ಕರಿಯಾಕ ಬಂದೇನಿ" ಎಂದಷ್ಟೇ ಅಂದ.

"ಬರಿಗೈಲೆ ತವರಿಗೆ ಹ್ಯಾಂಗ ಬರ್ಲಿ? ಗಂಟು ನಿನ್ನ ಮಗಳು ಒಯ್ದಾಳ."

ಅನ್ನಪೂರ್ಣಾ ಗಂಟನ್ನು ಮುಂದೆ ಹಿಡಿದಳು. "ಅತ್ತಿ, ನನಗ ಬೇಕಾಗಿದ್ದು ಬಿತ್ತೂ ಜೋಳ."

"ಅಯ್ಯ, ಪಂಚಮಿ ಮುಂದ ಬಂದು ಅಳ್ಳಿನ ಜೋಳ ಅಂದ್ರ ನಾ ಏನಂತ ತಿಳೀಲಿ?" ಸೋಮವ್ವ ತೊಲೆಗೆ ಕಟ್ಟಿದ್ದ ತೆನೆಗಳ ಗೊಂಚಲು ಬಿಚ್ಚಿ ಸೊಸೆಯ ಉಡಿಗೆ ಹಾಕಿದಳು. ಬಿಸಿನೀರು ಸೋಕದ ತೆನೆಗಳು. ಒಲೆಯ ಹೊಗೆಗೆ ಕಪ್ಪಾಗಿದ್ದವು, ಒಳಗಿನ ಕಾಳು ಮಾತ್ರ ಗಟ್ಟಿಯಾಗಿತ್ತು.

ನಿಜಗುಣಪ್ಪ ಗಂಟಿನ ಕಡೆ ನೋಡಿದ. "ಸೋಮವ್ವ, ವರ್ಷಾ ಹಿಂಗ ಕಟ್ಟಿ ಇಡತಿದ್ದೇನು?"

"ಅಮಾಸಿಗೆ ಕಟ್ಟತಿದ್ದೆ. ನೀ ಯಾವ ದಿನ ಬರತೀಯೋ ಅಂತ."

"ಮತ್ತ ಪಂಚಮಿ ಮುಗದ ಮ್ಯಾಲ?"

"ಎಮ್ಮಿಗೆ ಹಾಕತಿದ್ದೆ. ನಿನ್ನ ಒಂಬತ್ತ ಪಂಚಮಿ ನಮ್ಮ ಎಮ್ಮಿ ತಿಂದೈತಿ ನೋಡ ಅಣ್ಣಾ."

ನಿಜಗುಣಪ್ಪ ನಗಲು ಹೋಗಿ ಅತ್ತುಬಿಟ್ಟ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ತಾನೇ ಒಳಗೆ ಹೋಗಿ ಟ್ರಂಕು ಎತ್ತಿ ಹೆಗಲಿಗಿಟ್ಟ.

"ಈ ಸಲ ಎಮ್ಮಿ ಉಪಾಸ ಇರಲಿ" ಎಂದ. "ನಡಿಯವಾ, ಬಸ್ಸಿಗೆ ಹೊತ್ತಾತು."