ಹೋಗಬೇಡಿ ಎನ್ನುವವರು

ದೂರದ ಊರಿನ ಒಂದು ಚರ್ಚಿನ ಸಭೆಯಿಂದ ಪಾಸ್ಟರಿಗೆ ಕರೆ ಬಂದಿತ್ತು. ಲೂಥರನ್ ಸಭೆಗಳಲ್ಲಿ ಪಾಸ್ಟರು ಕೆಲಸಕ್ಕೆ ಅರ್ಜಿ ಹಾಕುವುದಿಲ್ಲ. ಪಾಸ್ಟರಿಲ್ಲದ ಸಭೆಯವರೇ ಗಂಡು ಕೇಳಿಕೊಂಡು ಬಂದ ಹಾಗೆ ಕರೆ ಕಳಿಸುತ್ತಾರೆ. ತೊಡಕೆಂದರೆ, ಗಂಡಿಗೆ ಆಗಲೇ ಮದುವೆಯಾಗಿರುತ್ತದೆ. ಇರುವ ಸಭೆಯವರ ಮಾತು ಕೇಳಿ, ಪ್ರಾರ್ಥನೆ ಮಾಡಿ, ಹೋಗುವುದೋ ಉಳಿಯುವುದೋ ಎಂದು ಪಾಸ್ಟರೇ ತೀರ್ಮಾನಿಸಬೇಕು.

ಪಾಸ್ಟರಿಗೆ ಹೋಗುವ ಮನಸ್ಸು ಸಾಸಿವೆಯಷ್ಟೂ ಇರಲಿಲ್ಲ. ಆದರೆ ಹನ್ನೊಂದು ವರ್ಷ ದುಡಿದ ಸಭೆಯ ಬಾಯಲ್ಲಿ ‘ಹೋಗಬೇಡಿ’ ಎಂಬ ಮಾತನ್ನು ಒಮ್ಮೆ ಕಿವಿಯಾರೆ ಕೇಳುವ ಆಸೆಯಿತ್ತು. ಭಾನುವಾರದ ಆರಾಧನೆ ಮುಗಿದ ಮೇಲೆ ಸುದ್ದಿ ಹೇಳಿ, “ನಿಮ್ಮ ಮನಸ್ಸಲ್ಲಿ ಇರೋದನ್ನ ಮನೆಗೆ ಬಂದು ಹೇಳಿ” ಎಂದರು. ಮನೆಗೆ ಹೋಗಿ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತರು.

ಒಂದು ನರಪಿಳ್ಳೆಯೂ ಬರಲಿಲ್ಲ.

“ಇನ್ನೊಂದೆರಡು ಕುರ್ಚಿ ಹಾಕ್ಲಾ? ನೂಕುನುಗ್ಗಲು ಆದೀತು” ಎಂದಳು ಹೆಂಡತಿ.

“ಜನ ಯೋಚನೆ ಮಾಡ್ತಿರ್ತಾರೆ ಕಣೇ.”

“ಮಾಡ್ಲಿ. ಅವರ ಯೋಚನೆಗೆ ನಮ್ಮ ಊಟ ಯಾಕೆ ಆರಬೇಕು? ಏಳಿ.”

ವಾರದ ಮಧ್ಯೆ ಸಭೆಯ ಅಧ್ಯಕ್ಷರು ಬಂದರು. ಬಣ್ಣದ ಅಂಗಡಿ ಇಟ್ಟವರು, ದೊಡ್ಡ ಗಂಟಲಿನವರು. ಪಾಸ್ಟರ ಎದೆ ಹೂವಾಯಿತು. ಅಧ್ಯಕ್ಷರು ಜೇಬಿನಿಂದ ಟೇಪು ತೆಗೆದು ಹಾಲಿನ ಗೋಡೆ ಅಳೆಯತೊಡಗಿದರು.

“ಇದೇನು ಮಾಡ್ತಿದೀರಿ?”

“ಬಣ್ಣ ಹೊಡೆಸೋಣ ಅಂತ, ಅಯ್ಯನವರೇ. ಈಗ ಪಾಸ್ಟರುಗಳು ಸಿಗೋದೇ ಕಷ್ಟ. ಸೆಮಿನರಿಯಿಂದ ಓದಿ ಬರೋರು ಬೆರಳೆಣಿಕೆ, ಅವರನ್ನ ಕರೆಯೋಕೆ ಮೂವತ್ತು ಸಭೆ ಕಾದು ಕೂತಿವೆ. ಮನೆ ಹೀಗಿದ್ರೆ ಯಾರ್ ಬರ್ತಾರೆ ಹೇಳಿ?”

ಸಭೆ ಕೊಟ್ಟ ಆ ಮನೆಯಲ್ಲಿ ಹನ್ನೊಂದು ವರ್ಷ ಇದ್ದವರು ಗೋಡೆಯನ್ನೊಮ್ಮೆ ನೋಡಿದರು. “ನಾನು ಹೋಗ್ತೀನಿ ಅಂತ ಇನ್ನೂ ಹೇಳಿಲ್ಲವಲ್ಲ?”

“ನೀವು ಹೇಳೋದೇನಿದೆ? ಕರೆದಿರೋನು ದೇವರು. ಅವನ ಕರೆಗೆ ಅಡ್ಡಗಾಲು ಹಾಕೋಕೆ ನಾವ್ಯಾರು?” ಅಧ್ಯಕ್ಷರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಸುಣ್ಣದ ಧೂಳು ಬಿದ್ದಿರಬೇಕು ಎಂದುಕೊಂಡರು ಪಾಸ್ಟರು.

ಅವರು ಹೋದ ಮೇಲೆ ಹೆಂಡತಿ ಅಡುಗೆಮನೆಯಿಂದ ಹೊರಬಂದಳು. “ಅಡ್ಡಗಾಲು ಅನ್ನೋ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ?”

ಪಾಸ್ಟರಿಗೂ ಹಾಗೇ ಅನಿಸಿತ್ತು. ಎರಡು ವರ್ಷದ ಹಿಂದೆ ಸಭೆಯ ಶಾಲೆಯ ಟೀಚರಮ್ಮನಿಗೆ ಬೇರೆ ಸಭೆಯಿಂದ ಇಂಥದೇ ಕರೆ ಬಂದಾಗ ಜನ ಗುಂಪುಗುಂಪಾಗಿ ಆಕೆಯ ಮನೆಗೆ ಹೋಗಿ ಅತ್ತು ಕರೆದಿದ್ದರು. ಮುಂದಿನ ಭಾನುವಾರ ಪಾಸ್ಟರು ಉಪದೇಶದ ಇಡೀ ಪ್ರಸಂಗವನ್ನು ಅದಕ್ಕೇ ಮೀಸಲಿಟ್ಟು ಬೈದಿದ್ದರು: ದೇವರ ಕರೆಗೆ ಕಣ್ಣೀರಿನ ಅಡ್ಡಗಾಲು ಹಾಕಬೇಡಿ! ಜನ ಕಣ್ಣೊರೆಸಿಕೊಂಡರು, ಟೀಚರಮ್ಮ ಹೊರಟುಹೋದಳು. ಶಾಲೆಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ.

“ಸಂತೋಷಪಡಿ” ಎಂದಳು ಹೆಂಡತಿ. “ಹನ್ನೊಂದು ವರ್ಷದಲ್ಲಿ ಒಂದು ಪ್ರಸಂಗನಾದ್ರೂ ಜನ ಕಿವಿಗೆ ಹಾಕ್ಕೊಂಡ್ರಲ್ಲ.”

“ಹಾಗಂತ ನಾನೇ ಹೋಗಿ, ನನ್ನನ್ನ ಉಳಿಸ್ಕೊಳ್ಳಿ ಅಂತ ಅಂಗಲಾಚಲಾ?”

“ಬೇಡ ಬಿಡಿ. ಮರ್ಯಾದೆ ಉಳೀಲಿ. ಆ ಊರಿಗೆ ಹೋಗಿ ಮರ್ಯಾದೆ ಜೊತೆ ಕೂತು ಅಳಿ. ನಾನು ಅಳಲ್ಲ, ಮೊದಲೇ ಹೇಳಿದೀನಿ.”

ಭಾನುವಾರ ಪಾಸ್ಟರು ಪ್ರಸಂಗಪೀಠ ಹತ್ತಿ ಕನ್ನಡಕ ತೆಗೆದಿಟ್ಟರು. ಮುಖಗಳು ಕಾಣದಿದ್ದರೆ ಹೇಳುವುದು ಸುಲಭ.

“ಟೀಚರಮ್ಮನ ವಿಷಯದಲ್ಲಿ ನಾನು ನಿಮ್ಮ ಬಾಯಿ ಮುಚ್ಚಿಸಿದ್ದು ತಪ್ಪು. ಹೋಗಬೇಡಿ ಅನ್ನೋ ಮಾತಲ್ಲೂ ದೇವರು ಇರಬಹುದು. ನನಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ. ನಿಮಗೂ ಹಾಗೇ ಅನಿಸಿದ್ರೆ ಬಾಯಿಬಿಟ್ಟು ಹೇಳಿ. ಅನಿಸದೇ ಇದ್ರೆ... ಅದನ್ನೂ ಹೇಳಿ.”

ಯಾರೋ ಕೆಮ್ಮಿದರು. ಆಮೇಲೆ ಆರ್ಗನ್ ನುಡಿಸುವ ಅಜ್ಜಿ ಕೂತಲ್ಲಿಂದಲೇ ತಿರುಗಿದರು.

“ವಾರವಿಡೀ ನಮ್ಮ ಹೊಟ್ಟೆ ಉರಿಸಿ ಈಗ ಕೇಳ್ತೀಯೇನಪ್ಪಾ? ನೀನು ಹೋಗ್ಬೇಡ.”

“ಹೋಗ್ಬೇಡಿ!” ಅಂಗಡಿಯಲ್ಲಿ ಕೂಗುವ ಗಂಟಲಿನಲ್ಲೇ ಅಧ್ಯಕ್ಷರು ಕೂಗಿದರು. ಹಿಂದೆಯೇ ಇಡೀ ಸಭೆ ಒಟ್ಟಿಗೆ ಮಾತಾಡತೊಡಗಿತು. ಯಾರೋ ಒಬ್ಬರು, “ಇರಿ, ಆದ್ರೆ ಪ್ರಸಂಗ ಸ್ವಲ್ಪ ಚಿಕ್ಕದು ಮಾಡಿ” ಎಂದೂ ಅಂದರು.

ಕೊನೆಗೆ ಆಶೀರ್ವಾದ ಹೇಳಲು ಪಾಸ್ಟರು ಕೈ ಎತ್ತಿದರು. ನಿದ್ದೆಯಲ್ಲೂ ಹೇಳಬಲ್ಲ ಮಾತು ಮೊದಲ ಪದಕ್ಕೇ ನಿಂತುಹೋಯಿತು. ಮುಂದಿನ ಸಾಲಿನವರು ಮೆಲ್ಲಗೆ ಹೇಳಿಕೊಟ್ಟರು.